ಫ್ಲಾಟ್ ಹರಾಜಾಯಿತು, ಡಿವೋರ್ಸ್ ಆಯಿತು, ಉಳಿದ 6 ಲಕ್ಷ ಯಾರು ಕಟ್ಟಬೇಕು?

ಬಿಜೈಯವಳು:
ಎಲ್ಲರಿಗೂ ನಮಸ್ಕಾರ. ಬ್ಯಾಂಕು, ಕೋರ್ಟಿನ ವಿಷಯ ಗೊತ್ತಿದ್ದವರು ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಉಂಟು.

2016ರಲ್ಲಿ ನಾನೂ ಗಂಡನೂ ಸೇರಿ ಮಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ತೆಗೆದುಕೊಂಡೆವು. 50 ಲಕ್ಷದ ಫ್ಲಾಟ್, 40 ಲಕ್ಷ ಸಾಲ, 20 ವರ್ಷದ ಅವಧಿ. ಸಾಲ, ಕ್ರಯಪತ್ರ ಎರಡೂ ಇಬ್ಬರ ಹೆಸರಲ್ಲಿ. ಅವರು ಗಲ್ಫ್‌ನಲ್ಲಿದ್ದರು, ಕಂತು ಅವರ ಖಾತೆಯಿಂದ ಹೋಗುತ್ತಿತ್ತು. ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಮನೆ ಖರ್ಚು, ಮಗಳ ಫೀಸು, ಫ್ಲಾಟಿನ ಮೇಂಟೆನೆನ್ಸ್ ಎಲ್ಲ ನನ್ನ ಸಂಬಳದಲ್ಲಿ.

2022ರಲ್ಲಿ ಬೇರೆಯಾದೆವು. ಆಮೇಲೆ ಅವರು ಕಂತು ನಿಲ್ಲಿಸಿದರು. ತಿಂಗಳಿಗೆ 36 ಸಾವಿರ, ನನ್ನೊಬ್ಬಳ ಸಂಬಳಕ್ಕೆ ಆಗುವಂಥದ್ದಲ್ಲ. ನೋಟಿಸು ಬಂತು, ಬೀಗ ಬಿತ್ತು, 2024ರಲ್ಲಿ ಹರಾಜಾಗಿ 32 ಲಕ್ಷಕ್ಕೆ ಹೋಯಿತು. ಬಡ್ಡಿ, ಖರ್ಚು ಸೇರಿ ಬಾಕಿ 38 ಲಕ್ಷ ದಾಟಿತ್ತಂತೆ. ಈಗ ಉಳಿದ 6 ಲಕ್ಷ ಚಿಲ್ಲರೆ ಕಟ್ಟಿ ಅಂತ ನನಗೆ ಪತ್ರ ಬಂದಿದೆ. ಅವರು ಫೋನ್ ಎತ್ತುವುದಿಲ್ಲ, ಹಾಗಾಗಿ ಸಿಕ್ಕಿದವಳು ನಾನು.

ಪರಸ್ಪರ ಒಪ್ಪಿಗೆಯಲ್ಲಿ ಡಿವೋರ್ಸ್ ಆಗಿದೆ. ಒಪ್ಪಂದದಲ್ಲಿ "ಮನೆ ಸಾಲದ ಹೊಣೆ ಗಂಡನದ್ದು" ಅಂತ ಬರೆದಿದೆ, ಕೋರ್ಟಿನ ಮುದ್ರೆಯೂ ಇದೆ. ಅದನ್ನು ತೋರಿಸಿದರೆ ಬ್ಯಾಂಕಿನಲ್ಲಿ "ಅದು ನಿಮ್ಮಿಬ್ಬರ ಮಧ್ಯದ ವಿಷಯ ಮೇಡಂ" ಅಂದರು. ಕೋರ್ಟಿಗಿಂತ ಬ್ಯಾಂಕ್ ದೊಡ್ಡದಾ? ನನ್ನ ಸಂಬಳಕ್ಕೆ ಕೈ ಹಾಕುತ್ತಾರಾ? ಮಗಳನ್ನು ಮುಂದಿನ ವರ್ಷ ಕಾಲೇಜಿಗೆ ಸೇರಿಸಬೇಕು, ನನ್ನ ಸಿಬಿಲ್, ಅಂದರೆ ಸಾಲ ಕೊಡುವವರು ನೋಡುವ ಅಂಕ, ನೆಲ ಕಚ್ಚಿದೆ. ಮಂಡೆಬಿಸಿಯಾಗಿ ರಾತ್ರಿ ನಿದ್ದೆ ಇಲ್ಲ.

ಮೂಲ್ಕಿಯವ:
ಎಂತ ಅನ್ಯಾಯ ಮಾರಾಯ್ರೆ ಇದು. ಕೋರ್ಟಿನ ಆದೇಶ ಕೈಯಲ್ಲಿದ್ದರೂ ಕೇಳುವುದಿಲ್ಲ ಅಂದರೆ! ಒಂದು ಪೈಸೆ ಕಟ್ಟಬೇಡಿ. ಬ್ಯಾಂಕಿನ ಹೆಸರು ಹಾಕಿ, ನಾಲ್ಕು ಜನಕ್ಕೆ ಗೊತ್ತಾಗಲಿ.

ಬಿಜೈಯವಳು:
ಹೆಸರು ಹಾಕುವುದಿಲ್ಲ. ಅಲ್ಲಿ ಕೌಂಟರಿನಲ್ಲಿ ಕೂತವರ ಮೇಲೆ ನನಗೆ ಸಿಟ್ಟಿಲ್ಲ. ನನಗೆ ದಾರಿ ಗೊತ್ತಾದರೆ ಸಾಕು.

ನಿವೃತ್ತ ಮ್ಯಾನೇಜರ್:
ತಂಗೀ, ನಾನು ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲೇ ಇದ್ದವನು. ಕೇಳಲು ಕಷ್ಟ ಆದರೂ ಹೇಳುತ್ತೇನೆ. ಜಂಟಿ ಸಾಲ ಅಂದರೆ ಅರ್ಧ ನಿಮ್ಮದು, ಅರ್ಧ ಅವರದ್ದು ಅಂತ ಅಲ್ಲ. ಪೂರ್ತಿ ಸಾಲ ನಿಮ್ಮದು, ಪೂರ್ತಿ ಸಾಲ ಅವರದ್ದೂ ಹೌದು. ಬ್ಯಾಂಕ್ ಇಬ್ಬರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಊರಲ್ಲಿ ಸಿಗುವವರನ್ನೇ ಮೊದಲು ಕೇಳುತ್ತಾರೆ, ಅದು ಎಲ್ಲ ಕಡೆ ಹಾಗೆಯೇ.

ಡಿವೋರ್ಸ್ ಒಪ್ಪಂದದಲ್ಲಿ ಬ್ಯಾಂಕ್ ಸಹಿ ಹಾಕಿಲ್ಲ. ಹಾಗಾಗಿ ಅದು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಆದರೆ ಅದು ವ್ಯರ್ಥ ಕಾಗದ ಅಂತ ತಿಳಿಯಬೇಡಿ. ನಿಮ್ಮ ಗಂಡನನ್ನು ಅದು ಪೂರ್ತಿ ಕಟ್ಟಿಹಾಕುತ್ತದೆ.

ಮೂಲ್ಕಿಯವ:
ಅಂದರೆ ಸಾಲ ತೆಗೆಯುವಾಗ ಹೆಂಗಸಿನ ಸಹಿ ಸುಮ್ನೆ ಹಾಕಿಸಿಕೊಳ್ಳುವುದು, ಆಮೇಲೆ ಅವಳನ್ನೇ ಹಿಡಿಯುವುದು. ಚೆಂದ ಉಂಟು.

ನಿವೃತ್ತ ಮ್ಯಾನೇಜರ್:
ಸುಮ್ನೆ ಅಲ್ಲ. ಇಬ್ಬರ ಆದಾಯ ಸೇರಿಸಿದರೆ ಸಾಲದ ಮೊತ್ತ ಜಾಸ್ತಿ ಸಿಗುತ್ತದೆ. ಮನೆಗೆ ಇಬ್ಬರು ಮಾಲೀಕರಿದ್ದರೆ ಇಬ್ಬರೂ ಸಾಲಗಾರರಾಗಲೇಬೇಕು ಅಂತ ಬ್ಯಾಂಕುಗಳು ಕೇಳುತ್ತವೆ. ಆ ಸಹಿಯ ತೂಕವನ್ನು ಕೂರಿಸಿ ಯಾರೂ ವಿವರಿಸುವುದಿಲ್ಲ ಅನ್ನುವುದು ಮಾತ್ರ ನಿಜ. ಅದು ನನಗೂ ಬೇಸರದ ವಿಷಯ.

ಉಡುಪಿ ವಕೀಲ:
ಮ್ಯಾನೇಜರ್ ಅಣ್ಣ ಹೇಳಿದ್ದು ಸರಿ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್‌ನಲ್ಲೇ ಅದು ಇದೆ. ಅದೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ. ಒಬ್ಬರು ತಮ್ಮ ಪಾಲಿಗಿಂತ ಜಾಸ್ತಿ ಕಟ್ಟಿದರೆ ಇನ್ನೊಬ್ಬರಿಂದ ವಸೂಲಿ ಮಾಡಬಹುದು. ನಿಮ್ಮ ವಿಷಯದಲ್ಲಿ ಒಪ್ಪಂದ ಪೂರ್ತಿ ಹೊಣೆ ಅವರದ್ದು ಅನ್ನುವುದರಿಂದ ನೀವು ಕಟ್ಟಿದ್ದಷ್ಟನ್ನೂ ಕೇಳಬಹುದು.

ಈಗ ನಿಮ್ಮ ಹೆದರಿಕೆಯ ವಿಷಯ. ಪತ್ರ ಬಂದ ಕೂಡಲೇ ಸಂಬಳಕ್ಕೆ ಕೈ ಹಾಕಲು ಆಗುವುದಿಲ್ಲ. ಹರಾಜಿನ ನಂತರ ಉಳಿದ ಬಾಕಿಗೆ ಬ್ಯಾಂಕ್ ಬೇರೆಯೇ ದಾವೆ ಹೂಡಬೇಕು. 20 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೆಂಗಳೂರಿನ ಡಿಆರ್‌ಟಿ, ಅಂದರೆ ಸಾಲ ವಸೂಲಿ ನ್ಯಾಯಮಂಡಳಿ. ನಿಮ್ಮದು 6 ಲಕ್ಷ, ಹಾಗಾಗಿ ಸಿವಿಲ್ ಕೋರ್ಟು. ಅಲ್ಲಿ ಡಿಕ್ರಿ, ಅಂದರೆ ಹಣ ಕೊಡಿ ಅಂತ ಕೋರ್ಟಿನ ತೀರ್ಪು ಆಗಬೇಕು. ಆಮೇಲೆ ಸಂಬಳ ಜಪ್ತಿ ಕೇಳಿದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಪಿಎಫ್ ಹಣ ಮುಟ್ಟುವಂತಿಲ್ಲ.

ಇನ್ನೊಂದು. ಹಣದ ಡಿಕ್ರಿಗೆ ಹೆಂಗಸನ್ನು ಬಂಧಿಸುವಂತಿಲ್ಲ, ಅದು 56ನೇ ಸೆಕ್ಷನ್. ಯಾರಾದರೂ ಫೋನಿನಲ್ಲಿ "ಪೊಲೀಸ್ ಬರುತ್ತಾರೆ" ಅಂದರೆ ಹೆದರಬೇಡಿ.

ಬಿಜೈಯವಳು:
ಕಳೆದ ವಾರ ಒಬ್ಬರು ಅದನ್ನೇ ಹೇಳಿ ಹೆದರಿಸಿದ್ದರು ಸರ್. ರಾತ್ರಿ ಎಂಟೂವರೆಗೆ ಫೋನ್. ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು.

ಕಾಪು ಕಡಲು:
ಎಂಟೂವರೆಗಾ? ರಿಸರ್ವ್ ಬ್ಯಾಂಕಿನ ನಿಯಮ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ. ನಂಬರು, ಸಮಯ ಬರೆದಿಟ್ಟುಕೊಳ್ಳಿ ಅಕ್ಕ. ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ದೂರು ವಿಚಾರಿಸುವ ಅಧಿಕಾರಿಗೆ, ಆನ್‌ಲೈನ್‌ನಲ್ಲೇ ಹಾಕಬಹುದು. ಶುಲ್ಕ ಇಲ್ಲ. ಮಾಹಿತಿಗೆ 14448.

ಕುಂದಾಪ್ರ ಹುಡುಗ:
ಕರ್ನಾಟಕದಲ್ಲಿ 2025ರಲ್ಲಿ ಹೊಸ ಕಾನೂನೇ ಬಂತಲ್ಲ, ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ ಜೈಲು. ನೇರ ಠಾಣೆಗೆ ಹೋಗಿ ಅದರಲ್ಲಿ ಕೇಸ್ ಹಾಕಿ.

ಉಡುಪಿ ವಕೀಲ:
ಅದು ಕಿರುಸಾಲ ಕೊಡುವವರ ಕಿರುಕುಳ ತಡೆಯಲು ಬಂದದ್ದು. ಬ್ಯಾಂಕಿನ ಗೃಹಸಾಲಕ್ಕೆ ಅನ್ವಯ ಆಗುವುದಿಲ್ಲ. ಬೆದರಿಕೆ ಹಾಕಿದರೆ ಮಾಮೂಲಿ ಕ್ರಿಮಿನಲ್ ಕಾನೂನಿನಲ್ಲೇ ದೂರು ಕೊಡಬಹುದು.

ಕುಂದಾಪ್ರ ಹುಡುಗ:
ಹೌದಾ. ಸರಿ, ಗೊತ್ತಾಯಿತು.

ಮಣಿಪಾಲ್ ಅಕ್ಕ:
ಒಂದು ಮುಖ್ಯ ವಿಷಯ ಯಾರೂ ಕೇಳಲಿಲ್ಲ. ನಿಮ್ಮ ಚಿನ್ನ ಅದೇ ಬ್ಯಾಂಕಿನಲ್ಲಿ ಅಡವಿದೆಯಾ? ಸಂಬಳದ ಖಾತೆ ಅದೇ ಬ್ಯಾಂಕಿನಲ್ಲಿದೆಯಾ?

ಬಿಜೈಯವಳು:
ಸಂಬಳ ಬೇರೆ ಬ್ಯಾಂಕು. ಚಿನ್ನ ಅದೇ ಬ್ಯಾಂಕಿನಲ್ಲಿ ಉಂಟು, ಬೇರೆ ಶಾಖೆ. ಯಾಕೆ?

ಮಣಿಪಾಲ್ ಅಕ್ಕ:
ನನ್ನ ತಂಗಿಗೆ ಆದದ್ದು ಹೇಳುತ್ತೇನೆ. ಅವಳೂ ಗಂಡನ ಜೊತೆ ಸಾಲಕ್ಕೆ ಸಹಿ ಹಾಕಿದ್ದಳು. ಸಾಲ ಕೆಟ್ಟಿತು. ಇತ್ತ ಅವಳ ಚಿನ್ನದ ಸಾಲ ಪೂರ್ತಿ ತೀರಿಸಿ ಬಳೆ ಬಿಡಿಸಲು ಹೋದರೆ "ಇನ್ನೊಂದು ಸಾಲ ಬಾಕಿ ಇದೆ, ಚಿನ್ನ ಕೊಡಲು ಆಗುವುದಿಲ್ಲ" ಅಂದರು. ಅಮ್ಮ ಮದುವೆಗೆ ಹಾಕಿದ ಬಳೆ. ಅವಳು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಬಿಡಿಸಿಕೊಳ್ಳಲು ವಕೀಲರನ್ನು ಇಡಬೇಕಾಯಿತು. ನಿಮ್ಮದನ್ನೂ ಬೇಗ ಬಿಡಿಸಿ ಬೇರೆ ಕಡೆ ಇಡಿ.

ಉಡುಪಿ ವಕೀಲ:
ಅದು ಕರಾರು ಕಾಯ್ದೆಯ 171ನೇ ಸೆಕ್ಷನ್, ಬ್ಯಾಂಕಿನ ಸಾಮಾನ್ಯ ಹಿಡಿತದ ಹಕ್ಕು. ಜಂಟಿ ಸಾಲಕ್ಕೆ ಒಬ್ಬರ ಚಿನ್ನ ಹಿಡಿಯಬಹುದೇ ಅನ್ನುವುದರ ಬಗ್ಗೆ ಕೋರ್ಟುಗಳಲ್ಲಿ ವಾದ ನಡೆಯುತ್ತಲೇ ಇರುತ್ತದೆ. ಆದರೆ ಬ್ಯಾಂಕುಗಳು ಹಿಡಿಯುತ್ತವೆ. ಚಿನ್ನದ ಸಾಲದ ಪತ್ರದಲ್ಲಿ ಇದರ ಬಗ್ಗೆ ಎಂತ ಬರೆದಿದೆ ಅಂತ ಮೊದಲು ಓದಿ.

ನಿವೃತ್ತ ಮ್ಯಾನೇಜರ್:
ಬಾಕಿ ಇರುವವರಿಗೆ ಚಿನ್ನ ಬಿಡಿಸಿ ಬೇರೆ ಕಡೆ ಇಡಿ ಅಂತ ಹೇಳಿಕೊಡುವುದು ನನಗೆ ಸರಿ ಕಾಣುವುದಿಲ್ಲ.

ಮಣಿಪಾಲ್ ಅಕ್ಕ:
ಅಣ್ಣಾ, ಅವಳು ತೀರಿಸಿದ ಸಾಲದ ಚಿನ್ನ ಅದು. ಕಂತು ನಿಲ್ಲಿಸಿದವನು ಆರಾಮಾಗಿದ್ದಾನೆ. ಅವನ ಚಿನ್ನ ಎಲ್ಲಿದೆ ಅಂತ ಯಾರಾದರೂ ಹುಡುಕಿದರಾ? ಹೆಂಗಸಿನ ಹತ್ತಿರ ಕೊನೆಗೆ ಉಳಿಯುವುದು ಅಷ್ಟೇ. ಅದನ್ನು ಉಳಿಸಿಕೊಳ್ಳಿ ಅಂತ ನಾನು ಹೇಳಿಯೇ ಹೇಳುತ್ತೇನೆ.

ಕಾರ್ಕಳ ಟೀಚರ್:
ಮಣಿಪಾಲ್ ಅಕ್ಕನ ಮಾತಿಗೆ ನನ್ನ ಸಹಮತ. ವಕೀಲರೇ, ಕರಿಮಣಿ ಕೂಡ ಜಪ್ತಿ ಮಾಡುತ್ತಾರಾ?

ಉಡುಪಿ ವಕೀಲ:
ಇಲ್ಲ. ಧಾರ್ಮಿಕ ಪದ್ಧತಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ ಇವನ್ನು ಕೋರ್ಟು ಜಪ್ತಿ ಮಾಡುವಂತಿಲ್ಲ. ಅದೂ 60ನೇ ಸೆಕ್ಷನ್‌ನಲ್ಲೇ ಇದೆ.

ಸುರತ್ಕಲ್ ಅಣ್ಣ:
ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ, ಬೇಸರ ಬೇಡ. ಎಲ್ಲರೂ ಗಂಡನನ್ನೇ ಬೈಯುತ್ತಿದ್ದೀರಿ. ನನ್ನ ಕಥೆ ತಿರುಗಾ. ಬೇರೆಯಾದ ಮೇಲೆ ಅವಳು ಮಗುವಿನ ಜೊತೆ ಆ ಮನೆಯಲ್ಲೇ ಇದ್ದಾಳೆ. ಕಂತು ನಾನು ಕಟ್ಟುತ್ತೇನೆ, ಜೀವನಾಂಶ ನಾನು ಕೊಡುತ್ತೇನೆ, ನನ್ನ ಬಾಡಿಗೆ ಬೇರೆ. ಮಾರೋಣ ಅಂದರೆ ಸಹಿ ಹಾಕುವುದಿಲ್ಲ. ಕಂತು ನಿಂತರೆ ನನ್ನ ಹೆಸರೂ ಹಾಳು. ನಾನು ಎಂತ ಮಾಡುವುದು?

ಬಿಜೈಯವಳು:
ಅಣ್ಣಾ, ನಿಮ್ಮ ಕಷ್ಟವೂ ಕಷ್ಟವೇ. ಬೈಯಲು ನಾನು ಬರೆದದ್ದಲ್ಲ. ನಿಮ್ಮ ಮನೆ ಇನ್ನೂ ಹೋಗಿಲ್ಲ ಅಲ್ವಾ? ಹೋಗುವ ಮೊದಲೇ ಕೂತು ಮಾತಾಡಿ. ಒಮ್ಮೆ ಬೀಗ ಬಿದ್ದ ಮೇಲೆ ಮನೆಗೆ ಬೆಲೆ ಬರುವುದಿಲ್ಲ.

ನಿವೃತ್ತ ಮ್ಯಾನೇಜರ್:
ಸುರತ್ಕಲ್ ಅಣ್ಣನವರೇ, ಇದೇ ಹಂತದಲ್ಲಿ ಇರುವವರು ತುಂಬ ಜನ ಇದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಂತು 90 ದಿನ ದಾಟಿ ಬಾಕಿಯಾದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆಮೇಲೆ 2002ರ ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದು ಮಾರುವ ಕಾಯ್ದೆ) 13(2) ನೋಟಿಸು, 60 ದಿನದ ಗಡುವು. ಆ 60 ದಿನ ಚಿನ್ನದಂಥ ಸಮಯ, ಜನ ಅದನ್ನು ಲಕೋಟೆ ಒಡೆಯದೆ ಕಳೆದುಬಿಡುತ್ತಾರೆ. ನೀವು ಲಿಖಿತ ಆಕ್ಷೇಪ ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಕಾರಣ ಸಮೇತ ಉತ್ತರಿಸಬೇಕು. ಗಡುವು ದಾಟಿದರೆ ಸ್ವಾಧೀನ. ಬಿಟ್ಟುಕೊಡದಿದ್ದರೆ ಜಿಲ್ಲಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಆದೇಶ ತಂದು ಬೀಗ ಹಾಕುತ್ತಾರೆ. ಸ್ವಾಧೀನದ ಪ್ರಕಟಣೆ ಎರಡು ಪತ್ರಿಕೆಯಲ್ಲಿ ಬರಬೇಕು, ಒಂದು ಕನ್ನಡದ್ದು. ನೆಂಟರಿಷ್ಟರಿಗೆಲ್ಲ ಗೊತ್ತಾಗುವುದು ಆಗಲೇ.

ಇದೆಲ್ಲ ಆಗುವ ಮೊದಲು ನೀವೇ ಮಾರಿ. ಬ್ಯಾಂಕಿಗೆ ಹೋಗಿ "ಗಿರಾಕಿ ಹುಡುಕುತ್ತೇವೆ, ಸಮಯ ಕೊಡಿ" ಅಂತ ಬರೆದು ಕೊಡಿ. ಗಿರಾಕಿಯ ಹಣ ನೇರ ಸಾಲದ ಖಾತೆಗೆ ಬರುವಂತೆ ಮಾಡಿದರೆ ಬ್ಯಾಂಕ್ ಸಾಮಾನ್ಯವಾಗಿ ಒಪ್ಪುತ್ತದೆ. ಹರಾಜಿನಲ್ಲಿ ಬರುವುದಕ್ಕಿಂತ ಜಾಸ್ತಿಯೇ ಬರುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡ ಹಾಕುವಂತಿಲ್ಲ.

ನಿಮ್ಮ ಹೆಂಡತಿ ಮನೆ ಇಟ್ಟುಕೊಳ್ಳುವುದಾದರೆ ಅವರ ಹೆಸರಲ್ಲಿ ಹೊಸ ಸಾಲ ಮಾಡಿಸಿ ಹಳೆಯದು ಮುಚ್ಚಿಸಿ. ಅಥವಾ ಜಂಟಿ ಸಾಲಗಾರರ ಪಟ್ಟಿಯಿಂದ ನಿಮ್ಮ ಹೆಸರು ತೆಗೆದದ್ದಕ್ಕೆ ಬ್ಯಾಂಕಿನ ಪತ್ರ ತೆಗೆದುಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ.

ಉಡುಪಿ ವಕೀಲ:
ಒಂದು ಸೇರಿಸುತ್ತೇನೆ. ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿದರೆ ಮನೆಯ ಮೇಲಿನ ಹಕ್ಕು ಹೋಗುತ್ತದೆ, ಸಾಲದ ಹೊಣೆ ಹೋಗುವುದಿಲ್ಲ! ಹಕ್ಕೂ ಇಲ್ಲದೆ ಸಾಲವನ್ನು ಹೊತ್ತುಕೊಂಡ ಗಂಡಸರು, ಹೆಂಗಸರು ಇಬ್ಬರನ್ನೂ ನೋಡಿದ್ದೇನೆ. ಬ್ಯಾಂಕಿನ ಪತ್ರ ಮೊದಲು, ಬಿಡುಗಡೆ ಪತ್ರ ಆಮೇಲೆ.

ಮೂಲ್ಕಿಯವ:
ಡಿಆರ್‌ಟಿಗೆ ಹೋಗಿ ಹರಾಜನ್ನೇ ರದ್ದು ಮಾಡಿಸಬಹುದಲ್ಲ? 50 ಲಕ್ಷದ ಫ್ಲಾಟ್ 32ಕ್ಕೆ ಕೊಟ್ಟಿದ್ದಾರೆ. ಸುಮ್ನೆ ಬಿಡುವುದಾ?

ಉಡುಪಿ ವಕೀಲ:
ಬ್ಯಾಂಕಿನ ಕ್ರಮ ಆದ 45 ದಿನದೊಳಗೆ ಅರ್ಜಿ ಹಾಕಬೇಕಿತ್ತು. ತಡವಾದದ್ದಕ್ಕೆ ಗಟ್ಟಿ ಕಾರಣ ಇರಬೇಕು. ಬೆಲೆ ಕಡಿಮೆ ಅಂತ ಮಾತ್ರ ಹೇಳಿದರೆ ನಿಲ್ಲುವುದು ಕಷ್ಟ. ನೋಡಬೇಕಾದ್ದು ಇಷ್ಟು: ಅಂಗೀಕೃತ ಮೌಲ್ಯಮಾಪಕರ ವರದಿ ಇತ್ತಾ, ಮಾರಾಟದ ನೋಟಿಸು ಅಕ್ಕನಿಗೂ ಪ್ರತ್ಯೇಕ ಬಂದಿತ್ತಾ, ಮೀಸಲು ಬೆಲೆಗಿಂತ, ಅಂದರೆ ಹರಾಜಿಗೆ ಮೊದಲೇ ಗೊತ್ತು ಮಾಡಿದ ಕನಿಷ್ಠ ಬೆಲೆಗಿಂತ, ಕಡಿಮೆಗೆ ಕೊಟ್ಟಿದ್ದಾರಾ. ಸಾಲಗಾರರ ಒಪ್ಪಿಗೆ ಇಲ್ಲದೆ ಮೀಸಲು ಬೆಲೆಗಿಂತ ಕೆಳಗೆ ಮಾರುವಂತಿಲ್ಲ.

ಬಿಜೈಯವಳು:
ನೋಟಿಸು ನನಗೂ ಬಂದಿತ್ತು. ಮೀಸಲು ಬೆಲೆ 31 ಲಕ್ಷ ಚಿಲ್ಲರೆ ಇತ್ತು. ಅದನ್ನು ಕೆದಕಲು ನನಗೆ ಶಕ್ತಿಯೂ ಇಲ್ಲ, ಹಣವೂ ಇಲ್ಲ.

ಕುಂದಾಪ್ರ ಹುಡುಗ:
ಹರಾಜಿನ ಹಿಂದಿನ ದಿನದವರೆಗೂ ಪೂರ್ತಿ ಹಣ ಕಟ್ಟಿ ಮನೆ ಬಿಡಿಸಬಹುದು ಅಂತ ನಮ್ಮ ಚಿಕ್ಕಪ್ಪ ಹೇಳಿದ್ದು.

ನಿವೃತ್ತ ಮ್ಯಾನೇಜರ್:
ಅದು ಹಳೆಯ ಮಾತು. 2016ರ ತಿದ್ದುಪಡಿ ಆದ ಮೇಲೆ ಹರಾಜಿನ ಪ್ರಕಟಣೆ ಬರುವ ಮೊದಲೇ ಕಟ್ಟಬೇಕು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಚಿಕ್ಕಪ್ಪನಿಗೆ ತಿಳಿಸಿಬಿಡಿ, ಯಾರಾದರೂ ಅದನ್ನು ನಂಬಿ ಕೂತರೆ ಕಷ್ಟ.

ಪಣಂಬೂರು ಫ್ಲಾಟ್ಸ್:
ನಾನು ಹರಾಜಿನ ಫ್ಲಾಟ್ ಕೊಂಡವನು, ಈಗ ಅದರಲ್ಲೇ ವಾಸ. ಇಂಥ ಕಥೆ ಓದುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಆದರೆ ಮಾರುಕಟ್ಟೆ ಬೆಲೆ ಯಾಕೆ ಬರುವುದಿಲ್ಲ ಅಂತ ಹೇಳುತ್ತೇನೆ. "ಇದ್ದದ್ದು ಇದ್ದ ಹಾಗೆ" ಅಂತ ಕೊಡುತ್ತಾರೆ. ಹಳೆಯ ಮೇಂಟೆನೆನ್ಸ್ ಬಾಕಿ, ಮನೆ ತೆರಿಗೆ ಬಾಕಿ, ಕರೆಂಟು ಬಾಕಿ ಎಲ್ಲ ತಲೆಗೆ ಬರಬಹುದು. ಬಿಡ್ ಆದ ಕೂಡಲೇ ಕಾಲು ಭಾಗ ಹಣ, ಉಳಿದದ್ದು 15 ದಿನದಲ್ಲಿ ಕಟ್ಟಬೇಕು. ಕೇಸ್ ಬಿದ್ದರೆ ವರ್ಷಗಟ್ಟಲೆ ಕಾಯಬೇಕು. ಅಷ್ಟೆಲ್ಲ ಅಪಾಯ ಇರುವಾಗ ಯಾರೂ ಪೂರ್ತಿ ಬೆಲೆ ಕೊಡುವುದಿಲ್ಲ.

ಕಾರ್ಕಳ ಟೀಚರ್:
ಒಬ್ಬರ ಕಣ್ಣೀರಿನ ಮನೆ ಕೊಂಡು ಇರಲು ಮನಸ್ಸಾದರೂ ಹೇಗೆ ಬರುತ್ತದೆ?

ಪಣಂಬೂರು ಫ್ಲಾಟ್ಸ್:
ಟೀಚರ್, ಯಾರೂ ಕೊಳ್ಳದಿದ್ದರೆ ಬೆಲೆ ಇನ್ನೂ ಇಳಿಸಿ ಮತ್ತೆ ಹರಾಜು ಹಾಕುತ್ತಾರೆ. ಆಗ ಅಕ್ಕನ ತಲೆ ಮೇಲೆ 6 ಲಕ್ಷದ ಬದಲು 10 ಲಕ್ಷ ಉಳಿಯುತ್ತಿತ್ತು. ನಾನೂ ಸಾಲ ಮಾಡಿಯೇ ಕೊಂಡದ್ದು. ಬಾಡಿಗೆ ಕಟ್ಟಿ ಸಾಕಾಗಿತ್ತು.

ಕಾರ್ಕಳ ಟೀಚರ್:
ಅದೂ ಹೌದು. ನಿಮ್ಮನ್ನು ನೋಯಿಸುವ ಉದ್ದೇಶ ಇರಲಿಲ್ಲ.

ಮೂಲ್ಕಿಯವ:
ನಮ್ಮ ಅಜ್ಜಿಯ ಕಾಲದಲ್ಲಿ ಅಳಿಯಕಟ್ಟು ಇತ್ತು, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ. ಮನೆ ಹೆಂಗಸಿನ ಕಡೆಯದ್ದು. ಸಂಬಂಧ ಮುರಿದರೆ ಗಂಡ ಎದ್ದು ಹೋಗುತ್ತಿದ್ದ, ಹೆಂಡತಿ ಮಕ್ಕಳು ತರವಾಡು ಮನೆಯಲ್ಲೇ. ಈಗ ಗಂಡ ದುಬೈಯಲ್ಲಿ, ಹೆಂಡತಿ ಬೀದಿಯಲ್ಲಿ.

ಕಾಪು ಕಡಲು:
ಅಳಿಯಕಟ್ಟಿನಲ್ಲೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತಲ್ಲ. ಪಾಲಿಗಾಗಿ ಕೋರ್ಟು ಅಲೆದ ಕುಟುಂಬ ಎಷ್ಟಿಲ್ಲ! ಆದರೆ ತಲೆ ಮೇಲೆ ಸೂರು ಹೋಗುತ್ತಿರಲಿಲ್ಲ, ಅದು ಒಪ್ಪುತ್ತೇನೆ.

ಕುಂದಾಪ್ರ ಹುಡುಗ:
ಬ್ಯಾಂಕುಗಳ ತವರೂರು ಅಂತ ನಾವು ಹೆಮ್ಮೆ ಪಡುವುದು. ಇಲ್ಲೇ ಹುಟ್ಟಿದ ಬ್ಯಾಂಕುಗಳು ಎಷ್ಟು!

ನಿವೃತ್ತ ಮ್ಯಾನೇಜರ್:
1906ರಲ್ಲೇ ಎರಡು. ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಶುರು ಮಾಡಿತು, ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಳ್ಳುತ್ತಿದ್ದರು. ಆಗ ಏಜೆಂಟನಿಗೆ ಮನೆಯ ಕಷ್ಟ ಸುಖ ಎಲ್ಲ ಗೊತ್ತಿರುತ್ತಿತ್ತು. ಈಗ ಆ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಮೂರೂ ಬೇರೆ ಬ್ಯಾಂಕುಗಳಲ್ಲಿ ವಿಲೀನ ಆಗಿವೆ. ವಸೂಲಿಗೆ ಫೋನ್ ಮಾಡುವವರು ಯಾವ ಊರಿನವರೋ, ಕನ್ನಡವೇ ಬರುವುದಿಲ್ಲ.

ಮಣಿಪಾಲ್ ಅಕ್ಕ:
ಚರಿತ್ರೆ ಆಮೇಲೆ ಮಾತಾಡೋಣ. ಬಿಜೈಯವರು ಈಗ ಎಂತ ಮಾಡಬೇಕು ಹೇಳಿ.

ಉಡುಪಿ ವಕೀಲ:
ಸರಿ. ಮೊದಲು ಸಾಲದ ಖಾತೆಯ ಪೂರ್ತಿ ಲೆಕ್ಕ ಲಿಖಿತವಾಗಿ ಕೇಳಿ. ಸಾಲ ಶುರುವಾದಂದಿನಿಂದ ಹರಾಜಿನ ಹಣ ಜಮಾ ಆದ ದಿನದವರೆಗೆ. ವಕೀಲರ ಫೀಸು, ಕಾವಲುಗಾರ, ಜಾಹೀರಾತು, ಮೌಲ್ಯಮಾಪನ ಅಂತ ಎಷ್ಟೆಷ್ಟು ಹಾಕಿದ್ದಾರೆ ನೋಡಿ, ಪ್ರತಿಯೊಂದಕ್ಕೂ ಬಿಲ್ ಕೇಳಿ. ದಂಡದ ಮೊತ್ತದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ 2024ರಿಂದ ಜಾರಿಯಲ್ಲಿದೆ. ಮನೆ ಮಾರಿದ ನಂತರವೂ ಬಡ್ಡಿ ಓಡುತ್ತಿದೆಯಾ ಅಂತಲೂ ನೋಡಿ.

ಅಲ್ಲಿಯವರೆಗೆ "ಇಷ್ಟು ಸಾಲ ಒಪ್ಪಿದ್ದೇನೆ" ಅನ್ನುವ ಯಾವ ಕಾಗದಕ್ಕೂ ಸಹಿ ಬೇಡ. ದಾವೆ ಹೂಡಲು ಬ್ಯಾಂಕಿಗೆ ಕಾಲಮಿತಿ ಇದೆ. ನೀವು ಲಿಖಿತವಾಗಿ ಒಪ್ಪಿಕೊಂಡರೆ ಆ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ.

ಲೆಕ್ಕ ಬಂದ ಮೇಲೆ ಒಟಿಎಸ್ ಕೇಳಿ, ಅಂದರೆ ಒಂದೇ ಸಲಕ್ಕೆ ಇತ್ಯರ್ಥ. ಆಧಾರವಾಗಿ ಇಟ್ಟ ಮನೆ ಮಾರಿ ಆದ ಮೇಲೆ ಉಳಿದ ಸಾಲಕ್ಕೆ ಬ್ಯಾಂಕುಗಳು ಚೌಕಾಸಿಗೆ ಒಪ್ಪುವುದು ಉಂಟು.

ನಿವೃತ್ತ ಮ್ಯಾನೇಜರ್:
ಒಟಿಎಸ್ ಪತ್ರದಲ್ಲಿ ಒಂದು ಸಾಲು ಇರಲೇಬೇಕು: ಈ ಮೊತ್ತ ಕಟ್ಟಿದರೆ ನಿಮ್ಮ ಹೊಣೆ ಪೂರ್ತಿ ಮುಗಿಯಿತು, ಮುಂದೆ ನಿಮ್ಮ ಮೇಲೆ ಯಾವ ಹಕ್ಕೂ ಇಲ್ಲ. ಮಂಜೂರಾದ ಪತ್ರ ಕೈಗೆ ಬರುವ ಮೊದಲು ಹಣ ಕಟ್ಟಬೇಡಿ. "ಮೊದಲು ಕಟ್ಟಿ, ಮೇಲಿನವರಿಗೆ ಹೇಳುತ್ತೇವೆ" ಅಂದರೆ ಎದ್ದು ಬನ್ನಿ.

ಸುರತ್ಕಲ್ ಅಣ್ಣ:
ಅವರೊಬ್ಬರನ್ನು ಬಿಟ್ಟರೆ ಗಂಡನೂ ಬಿಟ್ಟ ಹಾಗೆ ಆಗುವುದಿಲ್ವಾ?

ಉಡುಪಿ ವಕೀಲ:
ಇಲ್ಲ. ಒಬ್ಬರನ್ನು ಬಿಟ್ಟರೂ ಇನ್ನೊಬ್ಬರ ಹೊಣೆ ಉಳಿಯುತ್ತದೆ, 44ನೇ ಸೆಕ್ಷನ್. ಉಳಿದದ್ದನ್ನು ಬ್ಯಾಂಕ್ ಅವರಿಂದ ಕೇಳಬಹುದು.

ಬಿಜೈಯವಳು:
ಒಟಿಎಸ್ ಆದರೆ ಸಿಬಿಲ್ ಸರಿಯಾಗುತ್ತದಾ?

ಸಿಎ ಕಂಕನಾಡಿ:
ಕೂಡಲೇ ಆಗುವುದಿಲ್ಲ. ಕಡಿಮೆ ಕಟ್ಟಿ ಮುಗಿಸಿದರೆ "ಸೆಟಲ್ಡ್" ಅಂತ ಬರುತ್ತದೆ. ಪೂರ್ತಿ ಕಟ್ಟಿದರೆ "ಕ್ಲೋಸ್ಡ್". ಸೆಟಲ್ಡ್ ಇದ್ದರೆ ಮುಂದೆ ಸಾಲ ಕೊಡುವವರು ಹಿಂಜರಿಯುತ್ತಾರೆ. ಆದರೆ ತೀರಿಸದೆ ಬಿಡುವುದಕ್ಕಿಂತ ಸೆಟಲ್ಡ್ ಎಷ್ಟೋ ಮೇಲು. ಬ್ಯಾಂಕ್ ಸರಿಯಾದ ಮಾಹಿತಿ ಕಳಿಸದಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ.

ತೆರಿಗೆಯ ವಿಷಯ ಯಾರೂ ಹೇಳಲಿಲ್ಲ. ಹರಾಜಾದರೂ ಅದು ನಿಮ್ಮ ಮಾರಾಟವೇ. ಹಣ ಪೂರ್ತಿ ಬ್ಯಾಂಕಿಗೆ ಹೋದರೂ ಲಾಭ ಬಂದರೆ ತೆರಿಗೆ ನಿಮ್ಮದು, ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ನಿಮಗೆ ನಷ್ಟ ಆಗಿದೆ, ಹಾಗಾಗಿ ತೆರಿಗೆ ಇಲ್ಲ. ಆದರೂ ನಿಮ್ಮ ಪಾಲಿನ ನಷ್ಟವನ್ನು ರಿಟರ್ನ್ಸ್‌ನಲ್ಲಿ ತೋರಿಸಬೇಕು. ಇಲ್ಲದಿದ್ದರೆ ಇಲಾಖೆಗೆ 32 ಲಕ್ಷದ ಮಾರಾಟ ಮಾತ್ರ ಕಾಣುತ್ತದೆ, ನೋಟಿಸು ಬರುತ್ತದೆ.

ಬಿಜೈಯವಳು:
ಇದು ನನಗೆ ಗೊತ್ತೇ ಇರಲಿಲ್ಲ. ತುಂಬ ಧನ್ಯವಾದ ಮೇಡಂ.

ಮೂಲ್ಕಿಯವ:
ಮಗಳ ಶಿಕ್ಷಣ ಸಾಲ? ಅದಕ್ಕೂ ಅಪ್ಪ ಅಮ್ಮನ ಸಿಬಿಲ್ ನೋಡುತ್ತಾರಲ್ಲ.

ನಿವೃತ್ತ ಮ್ಯಾನೇಜರ್:
ನೋಡುತ್ತಾರೆ. ಅಜ್ಜ ಅಥವಾ ಮಾವನನ್ನು ಜಂಟಿ ಸಾಲಗಾರರಾಗಿ ಒಪ್ಪುವ ಬ್ಯಾಂಕುಗಳಿವೆ, ವಿಚಾರಿಸಿ.

ಕಾರ್ಕಳ ಟೀಚರ್:
ಮತ್ತೆ ಜಂಟಿ ಸಹಿ! ಹಾಕುವವರಿಗೆ ಪೂರ್ತಿ ವಿವರಿಸಿ ಹಾಕಿಸಿ ತಂಗೀ. ವಿದ್ಯಾರ್ಥಿ ವೇತನದ ಅರ್ಜಿಗಳನ್ನೂ ಬಿಡಬೇಡಿ. ಬೇಕಾದರೆ ನಾನು ಕೂತು ತುಂಬಿಸಿ ಕೊಡುತ್ತೇನೆ.

ಕುಡ್ಲದ ಜುಬೈಲಿಗ:
ಗಲ್ಫ್‌ನಲ್ಲಿ ಇದ್ದಾರೆ ಅಂತ ವಸೂಲಿ ಆಗುವುದಿಲ್ಲ ಅಂತ ಬಿಡಬೇಡಿ ಅಕ್ಕ. ನಮ್ಮವರು ಎಷ್ಟು ವರ್ಷ ಇಲ್ಲಿದ್ದರೂ ಆಸ್ತಿ ಮಾಡುವುದು ಊರಲ್ಲೇ. ಅವರ ಹೆಸರಲ್ಲಿ ಸೈಟ್, ಎನ್‌ಆರ್‌ಐ ಖಾತೆ, ಮನೆತನದ ಜಾಗದಲ್ಲಿ ಪಾಲು ಏನಾದರೂ ಇರುತ್ತದೆ. ಅದನ್ನು ಜಪ್ತಿಗೆ ಕೇಳಬಹುದು ಅಲ್ವಾ ವಕೀಲರೇ?

ಉಡುಪಿ ವಕೀಲ:
ಕೇಳಬಹುದು. ಒಪ್ಪಂದ ಕೋರ್ಟಿನ ಡಿಕ್ರಿಯ ಭಾಗವಾಗಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ, ಹಾಕಲು ಆಗುತ್ತದಾ ಅಂತ ಅದರ ಪದಗಳನ್ನು ಓದಿ ಹೇಳಬೇಕು. ಮೊತ್ತ, ಗಡುವು ಬರೆದಿಲ್ಲದಿದ್ದರೆ ತೊಡಕು. ಆಗ ನೀವು ಕಟ್ಟಿದ ಹಣಕ್ಕೆ ಬೇರೆ ದಾವೆ, ಕಟ್ಟಿದ ದಿನದಿಂದ 3 ವರ್ಷದೊಳಗೆ. ಡಿವೋರ್ಸ್ ಇನ್ನೂ ನಡೆಯುತ್ತಿರುವವರು ಇದನ್ನು ಗಮನಿಸಿ. "ಹೊಣೆ ಗಂಡನದ್ದು" ಅಂತ ಒಂದು ಸಾಲು ಸಾಲದು. ಎಷ್ಟು, ಯಾವ ತಾರೀಕಿನೊಳಗೆ, ಕಟ್ಟದಿದ್ದರೆ ಯಾವ ಆಸ್ತಿಯಿಂದ ಅಂತ ಬರೆಸಿ.

ವಕೀಲರ ಫೀಸಿಗೆ ಹಣ ಇಲ್ಲ ಅಂತ ಹಿಂದೆ ಸರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ಸಹಾಯವಾಣಿ 15100.

ಕಾಪು ಕಡಲು:
ಸಂಬಳ ಬರುವ ಹೆಂಗಸಿಗೂ ಉಚಿತವಾ?

ಉಡುಪಿ ವಕೀಲ:
ಹೌದು, 1987ರ ಕಾಯ್ದೆಯಲ್ಲೇ ಹಾಗೆ ಇದೆ.

ಬಿಜೈಯವಳು:
ಎಲ್ಲರಿಗೂ ತಿಳಿಸೋಣ ಅಂತ ಬರೆಯುತ್ತಿದ್ದೇನೆ. ಲೆಕ್ಕ ಕೇಳಿ ಅರ್ಜಿ ಕೊಟ್ಟೆ, ಬಂತು. ಮನೆ ಮಾರಿದ ನಂತರದ ಕಾವಲುಗಾರನ ಸಂಬಳವೂ ನನ್ನ ಲೆಕ್ಕದಲ್ಲಿತ್ತು. ಬಿಲ್ ಕೇಳಿದ ಮೇಲೆ ಅದನ್ನು ತೆಗೆದರು. ಉಚಿತ ವಕೀಲರು ಸಿಕ್ಕಿದ್ದಾರೆ, ತುಂಬ ತಾಳ್ಮೆಯವರು. ಒಟಿಎಸ್‌ಗೆ ಅರ್ಜಿ ಹಾಕಿದೆವು, ಬ್ಯಾಂಕಿನವರು ಮೂರೂವರೆ ಲಕ್ಷದ ಮಾತಾಡುತ್ತಿದ್ದಾರೆ. ಅಣ್ಣ ಸ್ವಲ್ಪ ಕೊಡುತ್ತಾನೆ, ಉಳಿದದ್ದು ನನ್ನ ಉಳಿತಾಯ. ಹಣ ಕಟ್ಟಿದ ಮೇಲೆ ಮಾಜಿ ಗಂಡನ ಮೇಲೆ ವಸೂಲಿಗೆ ಹೋಗುವುದೇ ಅಂತ ನಿಶ್ಚಯ ಮಾಡಿದ್ದೇನೆ. ಫೋನ್ ಕಾಟ ದೂರು ಕೊಟ್ಟ ಮೇಲೆ ನಿಂತಿದೆ.

ಮಣಿಪಾಲ್ ಅಕ್ಕ:
ಓದಿ ಸಮಾಧಾನ ಆಯಿತು ಮಾರಾಯ್ತಿ. ಚಿನ್ನ?

ಬಿಜೈಯವಳು:
ಒಟಿಎಸ್ ಪತ್ರದಲ್ಲಿ ಚಿನ್ನದ ಸಾಲದ ಮೇಲೆ ಹಿಡಿತ ಇಲ್ಲ ಅಂತಲೂ ಬರೆಸಲು ವಕೀಲರು ಕೇಳಿದ್ದಾರೆ.

ಸುರತ್ಕಲ್ ಅಣ್ಣ:
ನಾನೂ ಅವಳ ಅಣ್ಣನ ಮೂಲಕ ಮಾತಾಡಿಸಿದೆ. ಮಾರಲು ಇನ್ನೂ ಒಪ್ಪಿಲ್ಲ, ಆದರೆ ಮಧ್ಯಸ್ಥಿಕೆಗೆ ಬರುತ್ತೇನೆ ಅಂದಿದ್ದಾಳೆ. ಅಲ್ಲಿಯವರೆಗೆ ಕಂತು ನಿಲ್ಲಿಸುವುದಿಲ್ಲ.

ಉಡುಪಿ ವಕೀಲ:
ಬಿಜೈಯವರೇ, ಒಂದೇ ಮಾತು. ಒಟಿಎಸ್ ಹಣವನ್ನು ನಿಮ್ಮ ಅಣ್ಣನ ಖಾತೆಯಿಂದ ನೇರ ಕಟ್ಟಬೇಡಿ. ಅವರು ಕೊಡುವುದನ್ನು ಮೊದಲು ನಿಮ್ಮ ಖಾತೆಗೆ ಹಾಕಿಸಿಕೊಂಡು ಅಲ್ಲಿಂದಲೇ ಕಟ್ಟಿ. ರಸೀದಿಯಲ್ಲಿ ಕಟ್ಟಿದವರು ನೀವು ಅಂತ ಇರಬೇಕು. ನಾಳೆ ವಸೂಲಿ ದಾವೆಯಲ್ಲಿ ಎದುರು ಪಕ್ಷದವರು ಮೊದಲು ಕೇಳುವ ಪ್ರಶ್ನೆ ಅದೇ.

ಬಿಜೈಯವಳು:
ಸರಿ ಸರ್, ಹಾಗೇ ಮಾಡುತ್ತೇನೆ.